ರಾಜಿಯ ಸರದಿ

ವಿಜಯ್ ಮನೆ ಬಿಟ್ಟು ಹೋಗುವಾಗ ಮರೆತ ಒಂದು ಜೊತೆ ಬೂಟುಗಳನ್ನು ನಂದಾ ಎಸೆಯಲಿಲ್ಲ. ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಕೇಳಿದವರಿಗೆ, "ಕ್ಯಾಲಿಫೋರ್ನಿಯಾ ಪ್ರಾಜೆಕ್ಟ್ ಮ್ಯಾಲ ಹೋಗ್ಯಾರ್ರಿ, ಯಾವಾಗ ಮುಗೀತೈತೋ ಗೊತ್ತಿಲ್ಲ" ಎನ್ನುತ್ತಿದ್ದಳು. ಅದು ಎರಡು ಸಾವಿರನೇ ಇಸವಿ. ಅಮೆರಿಕದ ಪಾರ್ಸಿಪನಿಯ ಕನ್ನಡದವರ ಮನೆಗಳಲ್ಲಿ ಯಾರಾದರೊಬ್ಬರು ಪ್ರಾಜೆಕ್ಟಿನ ಮೇಲೆ ಇನ್ನೊಂದು ರಾಜ್ಯಕ್ಕೆ ಹೋಗಿಯೇ ಇರುತ್ತಿದ್ದ ಕಾಲ. ಹಾಗಾಗಿ ಆ ಸುಳ್ಳನ್ನು ಯಾರೂ ಕೆದಕಲಿಲ್ಲ. ಎಲ್ಲರೂ ನಂಬಿದರು ಎಂದು ನಂದಾ ಅಂದುಕೊಂಡಳು.

ವಿಜಯ್ ಇದ್ದದ್ದು ಹತ್ತಿರದಲ್ಲೇ, ಜರ್ಸಿ ಸಿಟಿಯಲ್ಲಿ. ಮ್ಯಾನ್‌ಹಟನ್‌ನ ಹೊಸ ಇಂಟರ್‌ನೆಟ್ ಕಂಪನಿಯೊಂದರಲ್ಲಿ ಕೆಲಸ, ಅಲ್ಲಿಯೇ ಕೆಲಸ ಮಾಡುವ ಹೆಣ್ಣುಮಗಳೊಬ್ಬಳ ಜೊತೆ ಸಂಸಾರ. ಫೆಬ್ರವರಿಯಲ್ಲಿ ವಿಚ್ಛೇದನ ಮುಗಿದಿತ್ತು. "ಮನೆ ಮಾರಿ, ಬಂದದ್ದನ್ನು ಹಂಚಿಕೊಳ್ಳುವುದು ಒಳ್ಳೆಯದು" ಎಂದು ನಂದಾಳ ವಕೀಲೆ ಎರಡೆರಡು ಸಲ ಹೇಳಿದ್ದಳು. ನಂದಾ ಕೇಳಲಿಲ್ಲ. ಉಳಿತಾಯವನ್ನೂ ಶೇರುಗಳನ್ನೂ ಅವನಿಗೆ ಬಿಟ್ಟುಕೊಟ್ಟು, ಸಾಲದ ಸಮೇತ ಟೌನ್‌ಹೌಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಗಂಡ ಹೋದದ್ದನ್ನು ಮುಚ್ಚಿಡಬಹುದು, ಮನೆ ಹೋದದ್ದನ್ನು ಹೇಗೆ ಮುಚ್ಚಿಡುವುದು?

ಮಗಳು ಸ್ಮಿತಾಳ ಖರ್ಚಿಗೆಂದು ವಿಜಯ್ ತಿಂಗಳಿಗೊಮ್ಮೆ ಹಣ ಕಳಿಸಬೇಕಿತ್ತು. ನಂದಾ ಒಬ್ಬ ಹಲ್ಲಿನ ಡಾಕ್ಟರ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದಳು. ಎರಡೂ ಸೇರಿದರೆ ಮನೆಯ ಕಂತು ಕಟ್ಟಿ, ಒಂದಿಷ್ಟು ಅಕ್ಕಿ ಬೇಳೆಗೆ ಸಾಕಾಗುತ್ತಿತ್ತು. ಕಾರು, ಇನ್ಶೂರೆನ್ಸು, ಕರೆಂಟು, ಫೋನು ಎಲ್ಲ ಕಾರ್ಡಿನ ಮೇಲೆ. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ಬ್ಯಾಂಕಿನ ಕಾಗದಗಳನ್ನು ಒಡೆದು ನೋಡಿದವಳಲ್ಲ. ಅವು ವಿಜಯ್ ಕೂರುತ್ತಿದ್ದ ಮೇಜಿಗೆ ಹೋಗುತ್ತಿದ್ದವು. ಈಗಲೂ ಅಭ್ಯಾಸಬಲದಿಂದ ಅಲ್ಲಿಗೇ ಹೋಗುತ್ತಿದ್ದವು. ಒಡೆಯುವವರು ಮಾತ್ರ ಇರಲಿಲ್ಲ.

ಮನೆಯಲ್ಲಿ ಮೂವರು. ನಂದಾ, ಹತ್ತನೇ ತರಗತಿಯ ಸ್ಮಿತಾ, ಮತ್ತು ವಿಜಯ್‌ನ ತಾಯಿ ಗುರುಸಿದ್ದಮ್ಮ. ಗದಗಿನವರಾದ ಗುರುಸಿದ್ದಮ್ಮ ಗಂಡ ತೀರಿಕೊಂಡ ಮೇಲೆ ಮಗನ ಮನೆಗೆಂದು ಇಲ್ಲಿಗೆ ಬಂದವರು. ವಿಜಯ್ ಸೂಟ್‌ಕೇಸು ಹಿಡಿದು ನಿಂತು, "ಅವ್ವಾ, ನೀನೂ ನಡಿ" ಎಂದಾಗ, ಕುಳಿತಲ್ಲಿಂದ ಏಳದೆ, "ಎಲ್ಲಿಗಿ? ನಾ ಬಂದಿದ್ದು ಈ ಮನಿಗೆ" ಎಂದಿದ್ದರು. ಆಮೇಲೆ ಮಗನ ಫೋನು ಬಂದರೆ ರಿಸೀವರನ್ನು ಸ್ಮಿತಾಳ ಕೈಗೆ ಕೊಟ್ಟುಬಿಡುತ್ತಿದ್ದರು.

ಚಳಿ ಇನ್ನೂ ಬಿಡದ ಒಂದು ಸಂಜೆ ಮೂವರೂ ಊಟಕ್ಕೆ ಕುಳಿತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಲೆ. ಗುರುಸಿದ್ದಮ್ಮ ಶಾಲು ಹೊದ್ದು, ಕಾಲಿಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡಿದ್ದರು.

"ಹೀಟ್ ಯಾರು ಕಡಿಮಿ ಮಾಡಿದ್ರು?" ನಂದಾ ಕೇಳಿದಳು.

"ನಾನ ಮಾಡೀನಿ. ಇಷ್ಟ್ ಚಳಿ ತಡೀಬಹುದು."

"ಬ್ಯಾಡ್ರಿ ಅತ್ತಿ, ಜ್ವರ ಬಂದ್ರ ಮತ್ತೊಂದ್ ಖರ್ಚು."

"ಭಾನುವಾರ ಆ ಹೆಣ್ಮಕ್ಕಳು ಬಂದಾಗ ನೀ ಮನಿ ಎಲ್ಲಾ ಬೆಚ್ಚಗ ಮಾಡ್ತಿಯಲ್ಲ, ಅದು ಖರ್ಚಲ್ಲೇನು?"

ಅಜ್ಜಿಯನ್ನು ಆಯಿ ಎನ್ನುತ್ತಿದ್ದ ಸ್ಮಿತಾ ತಲೆ ಎತ್ತದೆ ಹೇಳಿದಳು: "ಆಯಿ ಈಸ್ ರೈಟ್. ಗೆಸ್ಟ್ಸ್ ಬಂದಾಗ ಮಾತ್ರ ನಾವು ರಿಚ್."

"ಸುಮ್ನ ಊಟ ಮಾಡು" ಎಂದಳು ನಂದಾ.

ಆ ಹೆಣ್ಣುಮಕ್ಕಳು ಅಂದರೆ ಚೀಟಿಯವರು. ಎಲ್ಲರೂ ಒಂದೇ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದ ಕಾಲದಲ್ಲಿ ಹತ್ತು ಜನ ಕನ್ನಡದ ಹೆಂಗಸರು ಸೇರಿ ಶುರು ಮಾಡಿದ್ದು. ತಿಂಗಳ ಮೊದಲ ವಾರ ಒಬ್ಬೊಬ್ಬರೂ ಇನ್ನೂರು ಡಾಲರ್ ನಂದಾಳ ಕೈಗೆ ಕೊಡುವುದು, ಕಡೆಯ ಭಾನುವಾರ ಸರದಿ ಬಂದವಳಿಗೆ ಒಟ್ಟು ಹಣ ಒಪ್ಪಿಸುವುದು. ಆ ನೆಪದಲ್ಲಿ ಒಂದು ಊಟ, ಹರಟೆ. ಅವರೆಲ್ಲರಲ್ಲಿ ಮೊದಲು ಸ್ವಂತ ಮನೆ ಮಾಡಿದವಳು ನಂದಾ. "ನಿಮ್ಮ ಹತ್ರ ಇದ್ರೆ ಬ್ಯಾಂಕಿನಲ್ಲಿ ಇದ್ದ ಹಾಗೆ" ಎಂದು ಎಲ್ಲರೂ ಅವಳಿಗೇ ವಹಿಸಿದ್ದರು. ಆ ಮಾತನ್ನು ನೆನೆದಾಗಲೆಲ್ಲ ಹಿಂದೆ ಅವಳಿಗೆ ಖುಷಿಯಾಗುತ್ತಿತ್ತು.

ಮಾರ್ಚಿನಲ್ಲಿ ಮನೆಯ ಹೀಟರ್ ಪೂರ್ತಿ ಕೆಟ್ಟಿತು. ರಿಪೇರಿಗೆ ಬಂದವನು ಅಂದೇ ಹಣ ಕೇಳಿದ. ಕಾರ್ಡಿನಲ್ಲಿ ಜಾಗವಿರಲಿಲ್ಲ, ಖಾತೆಯಲ್ಲಿ ಇದ್ದದ್ದು ಚೀಟಿಯ ದುಡ್ಡು. ನಂದಾ ಚೆಕ್ ಬರೆದುಕೊಟ್ಟಳು. ಕಡೆಯ ಭಾನುವಾರದ ಹೊತ್ತಿಗೆ ವಿಜಯ್‌ನ ಹಣ ಬಂತು, ತುಂಬಿದಳು. ಯಾರಿಗೂ ತಿಳಿಯಲಿಲ್ಲ. ಏಪ್ರಿಲ್‌ನಲ್ಲಿ ಮನೆಯ ಕಂತಿಗೆ ಹಾಗೇ ಮಾಡಿದಳು. ಮೇ ತಿಂಗಳಲ್ಲಂತೂ ಯೋಚನೆಯನ್ನೇ ಮಾಡಲಿಲ್ಲ. ಅದು ತನ್ನದೇ ಹಣವೆಂಬಂತೆ ಕೈ ತಾನಾಗಿ ಸಹಿ ಹಾಕಿತು.

ಮೇ ತಿಂಗಳ ಕೂಟಕ್ಕೆ ಗಿರಮಿಟ್ಟು, ಮಿರ್ಚಿ, ಶೇಂಗಾ ಹೋಳಿಗೆ ಮಾಡಿದ್ದರು. ಹೋಳಿಗೆ ಬೇಡವೆಂದು ಗುರುಸಿದ್ದಮ್ಮ ಹೇಳಿದರೂ ನಂದಾ ಕೇಳಿರಲಿಲ್ಲ. ಊಟದ ನಂತರ ರಾಜಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು. ರಾಜಿ ಮೈಸೂರಿನವಳು, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು. ಇನ್ನೂ ಅದೇ ಹಳೆಯ ಅಪಾರ್ಟ್‌ಮೆಂಟಿನಲ್ಲಿದ್ದಳು.

"ನಂದಕ್ಕ, ಮುಂದಿನ ತಿಂಗಳು ನನ್ನ ಸರದಿ ಅಲ್ವಾ?"

"ಹೌದಲ್ಲ, ನಿನ್ದ."

"ಇವ್ರು ಏಪ್ರಿಲ್‌ನಿಂದ ಬೆಂಚ್ ಮೇಲಿದಾರೆ, ಪ್ರಾಜೆಕ್ಟೇ ಸಿಕ್ಕಿಲ್ಲ. ಕನ್ಸಲ್ಟಿಂಗ್‌ನೋರು ಸಂಬಳ ಕೊಡ್ತಿಲ್ಲ. ಯಾರಿಗೂ ಹೇಳ್ಬೇಡಿ, ಇವ್ರಿಗೆ ತುಂಬ ಸಂಕೋಚ. ಜೂನ್ ಕಳೆದ್ರೆ ಚೀಟಿ ದುಡ್ಡಲ್ಲಿ ಬಾಡಿಗೆ ಕಟ್ಬಹುದು ಅಂತ ಕಾಯ್ತಿದೀವಿ."

"ಅದರಾಗೇನೈತಿ, ನಿನ್ನ ರೊಕ್ಕ ನಿನಗ" ಎಂದಳು ನಂದಾ. ಹೇಳುವಾಗ ನಲ್ಲಿ ತಿರುಗಿಸಿ ನೀರು ಜೋರು ಮಾಡಿದಳು.

ಜೂನ್‌ನಲ್ಲಿ ವಿಜಯ್‌ನ ಹಣ ಬರಲಿಲ್ಲ. ನಂದಾ ಅವನ ಆಫೀಸಿಗೆ ಫೋನ್ ಮಾಡಿದಳು, ಮನೆಗೆ ಮಾಡಿದಳು. ಆನ್ಸರಿಂಗ್ ಮೆಷಿನ್ನಿನಲ್ಲಿ ಅವನ ದನಿ, ಅದರ ಹಿಂದೆ ಆ ಇನ್ನೊಬ್ಬಳ ದನಿ, ಇಬ್ಬರೂ ಸೇರಿ ಸಂದೇಶ ಬಿಡಿರೆಂದು ಕೇಳುತ್ತಿದ್ದರು. ಏನು ಸಂದೇಶ ಬಿಡುವುದೆಂದು ತಿಳಿಯದೆ ಇಟ್ಟುಬಿಟ್ಟಳು. ಕಡೆಯ ಭಾನುವಾರ ಎಲ್ಲರೂ ಬಂದರು. ಮನೆಯ ಕಂತು ಕಳೆದು, ಖಾತೆಯಲ್ಲಿ ಚೀಟಿ ಹಣದ ಅರ್ಧಕ್ಕಿಂತ ಕಡಿಮೆ ಇತ್ತು. ಆಗಲೇ ಬಾಯಿ ಬಿಡಬಹುದಿತ್ತು. ಬದಲಿಗೆ ಎಲ್ಲರೆದುರು ನಗುನಗುತ್ತಾ ರಾಜಿಗೆ ಪೂರ್ತಿ ಮೊತ್ತದ ಚೆಕ್ ಬರೆದುಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಪ್ರತಿ ತಿಂಗಳೂ ತಟ್ಟುವ ಹಾಗೆ. ಸೋಮವಾರ ಇಲ್ಲ ಮಂಗಳವಾರ ಅವನ ಹಣ ಬಂದೇ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಬರಲಿಲ್ಲ.

ಜುಲೈ ಮೊದಲ ವಾರದಿಂದ ರಾಜಿಯ ಫೋನು ಶುರುವಾಯಿತು. ಮೊದಲ ಸಲ ಗುರುಸಿದ್ದಮ್ಮನೇ ಎತ್ತಿದರು. ಎದುರಿಗೆ ಈರುಳ್ಳಿ ಹೆಚ್ಚುತ್ತಿದ್ದ ನಂದಾ ಕೈಯಾಡಿಸಿ, ಇಲ್ಲವೆನ್ನಿ ಎಂದು ಸನ್ನೆ ಮಾಡಿದಳು.

"ಆಕಿ ಇಲ್ಲವಾ, ಕೆಲಸಕ್ಕ ಹೋಗ್ಯಾಳ" ಎಂದರು ಗುರುಸಿದ್ದಮ್ಮ. ಫೋನಿಟ್ಟು, "ಯಾಕ, ಮಾತಾಡಾಕ ಏನಾಗೇತಿ?" ಎಂದು ಕೇಳಿದರು.

"ತಲಿ ನೋಯಾಕತ್ತೈತ್ರಿ."

ಮಾರನೆಯ ದಿನವೂ ತಲೆನೋವು. ಅದರ ಮಾರನೆಯ ದಿನ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಬಾಗಿಲ ಗಂಟೆಯಾಯಿತು. ನಂದಾ ಮೇಲಿನ ಕಿಟಕಿಯಿಂದ ನೋಡಿದಳು. ರಾಜಿ ಒಬ್ಬಳೇ, ಬಿಸಿಲಿನಲ್ಲಿ ನಡೆದು ಬಂದು ಮುಖವೆಲ್ಲ ಕೆಂಪಾಗಿತ್ತು. ಅವರ ಕಾರು ಮಾರಿಹೋಗಿದೆ ಎಂದು ನಂದಾಳಿಗೆ ಹೊಳೆದದ್ದು ಆಗಲೇ. ಅವಳು ಬಚ್ಚಲುಮನೆಗೆ ಹೋಗಿ ಬಾಗಿಲು ಅರ್ಧ ಮುಚ್ಚಿ ಟಬ್ಬಿನ ಅಂಚಿನ ಮೇಲೆ ಕುಳಿತಳು. ಕೆಳಗಿನ ಮಾತು ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ನಂದಕ್ಕ ಇಲ್ವಾ ಅಮ್ಮ? ಕಾರು ನಿಂತಿದೆ..."

"ಆಕಿ ಆಫೀಸಿನ ಮಾರ್ಗರೆಟ್ ಬಂದು ಕರ್ಕೊಂಡ್ ಹೋಗ್ಯಾಳವಾ. ಒಳಗ ಬಾ, ಕುಂದ್ರು. ನೀರು ಕುಡಿ."

"ಬೇಡಮ್ಮ, ಹೊರಡ್ತೀನಿ. ಏನಿಲ್ಲ, ಅವ್ರು ಕೊಟ್ಟ ಚೆಕ್ ವಾಪಸ್ ಬಂತು. ಬ್ಯಾಂಕ್‌ನೋರದ್ದೇ ಏನೋ ತಪ್ಪಿರತ್ತೆ." ರಾಜಿಯ ದನಿ ತಗ್ಗಿತು. "ಅದನ್ನ ನಂಬ್ಕೊಂಡು ನಾವು ಬಾಡಿಗೆ ಚೆಕ್ ಕೊಟ್ಟಿದ್ವಿ. ಅದೂ ವಾಪಸ್ಸಾಯ್ತು. ಅಪಾರ್ಟ್‌ಮೆಂಟ್ ಆಫೀಸಿನೋಳು ನಮ್ಮ ಬಾಗಿಲಿಗೆ ನೋಟೀಸ್ ಅಂಟಿಸಿ ಹೋಗಿದಾಳೆ, ಅಕ್ಕಪಕ್ಕದೋರೆಲ್ಲ ಓದೋ ಹಾಗೆ. ಇವ್ರು ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ. ನಂದಕ್ಕಂಗೆ ಒಂದ್ಸಲ ಫೋನ್ ಮಾಡೋಕೆ ಹೇಳ್ತೀರಾ?"

"ಹೇಳ್ತೀನವಾ."

ಬಾಗಿಲು ಹಾಕಿದ ಸದ್ದಾಯಿತು. ನಂದಾ ಬಹಳ ಹೊತ್ತು ಏಳಲಿಲ್ಲ. ಎದ್ದು ಹೊರಬಂದಾಗ ಗುರುಸಿದ್ದಮ್ಮ ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

"ಕೆಳಗ ಬಾ."

ಬಂದಳು.

"ಆ ಹೆಣ್ಮಕ್ಕಳ ರೊಕ್ಕ ಮುಟ್ಟೀಯೇನು?"

ನಂದಾ ಅವರನ್ನು ದಾಟಿ ಹೋಗಲು ನೋಡಿದಳು.

"ಕೇಳಾಕತ್ತೀನಿ."

"ಮುಟ್ಟೀನ್ರಿ. ಮತ್ತ ಏನ್ ಮಾಡ್ಲಿ? ಹೀಟರ್ ಕೆಟ್ಟಾಗ ಯಾರನ್ನ ಕೇಳ್ಲಿ? ಕಂತು ಯಾರು ಕಟ್ಟಬೇಕು? ನಿಮ್ಮ ಮಗ ಎದ್ದು ಹೋಗ್ಯಾನ, ಅದನ್ನ ನೀವು ಮರತೀರಿ."

"ಮರತಿಲ್ಲ. ಅಂವಾ ನಿನಗ ಮೋಸ ಮಾಡ್ಯಾನ, ನನಗೂ ಮಾಡ್ಯಾನ. ಆ ರಾಜಿ ಏನ್ ಮಾಡ್ಯಾಳ ನಿನಗ? ಬಿಸಿಲಾಗ ನಡಕೊಂತ ಬಂದಿದ್ಲು. ನಾ ಆಕಿ ಮುಖಾ ನೋಡಿ ಸುಳ್ಳ ಹೇಳ್ದೆ. ನನ್ನ ಕಡೆ ಸುಳ್ಳ ಹೇಳಿಸಿದಿ."

"ಮನಿ ಉಳಿಸಾಕ ಮಾಡೀನ್ರಿ. ನಾಳೆ ಮಂದಿ ಏನಂತಾರ..."

"ಮಮ್ಮಿ, ಎಲ್ಲರಿಗೂ ಗೊತ್ತು."

ಸ್ಮಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ ಇಬ್ಬರಿಗೂ ತಿಳಿದಿರಲಿಲ್ಲ.

"ಏನ್ ಗೊತ್ತು?"

"ಡ್ಯಾಡಿ ಜರ್ಸಿ ಸಿಟಿಯಲ್ಲಿರೋದು. ಡಿವೋರ್ಸ್. ಎವ್ರಿಥಿಂಗ್. ಸ್ಕೂಲಲ್ಲಿ ಗೊತ್ತು, ಆ ಆಂಟಿಗಳಿಗೆಲ್ಲ ಗೊತ್ತು. ಫೆಬ್ರವರಿಯಿಂದ ಗೊತ್ತು. ನೀನು ಕ್ಯಾಲಿಫೋರ್ನಿಯಾ ಅಂದ್ರೆ ಅವರು ಓಕೆ ಅಂತಾರೆ, ಬಿಕಾಸ್ ದೇ ಫೀಲ್ ಸಾರಿ ಫಾರ್ ಯು." ಅವಳು ಅಜ್ಜಿಯ ಕಡೆ ಕೈ ತೋರಿದಳು. "ಆ್ಯಂಡ್ ಆಯಿ ಬಿಪಿ ಮಾತ್ರೇನ ಕಟ್ ಮಾಡಿ ಅರ್ಧ ತಗೋತಾಳೆ. ದುಡ್ಡು ಉಳಿಸೋಕೆ. ನೀನು ಹೋಳಿಗೆ ಮಾಡ್ತೀಯ."

ನಂದಾ ಅತ್ತೆಯ ಕಡೆ ನೋಡಿದಳು. ಗುರುಸಿದ್ದಮ್ಮ ಮುಖ ತಿರುಗಿಸಿ, "ಹುಡುಗಿಗೆ ಎಲ್ಲಾ ಹೇಳಬೇಕಂತೇನಿಲ್ಲ" ಎಂದು ಗೊಣಗಿದರು.

ನಂದಾ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಪ್ರತಿ ಕಡೆಯ ಭಾನುವಾರ ಒಂಬತ್ತು ಹೆಂಗಸರು ಈ ಮನೆಯಲ್ಲಿ ಕುಳಿತು, ವಿಜಯ್ ಹೇಗಿದ್ದಾರೆ, ಕ್ಯಾಲಿಫೋರ್ನಿಯಾದಲ್ಲಿ ಹವೆ ಹೇಗಿದೆಯಂತೆ ಎಂದು ಕೇಳಿದ್ದರು. ಅವಳು ಹವೆಯ ಬಗ್ಗೆ ವಿವರವಾಗಿ ಹೇಳಿದ್ದಳು. ಅವರು ಒಬ್ಬರ ಮುಖ ಒಬ್ಬರು ನೋಡದೆ ಕೇಳಿಸಿಕೊಂಡಿದ್ದರು. ಎಲ್ಲ ಗೊತ್ತಿದ್ದೂ ಚೀಟಿಯನ್ನು ಅವಳ ಕೈಯಿಂದ ತೆಗೆದಿರಲಿಲ್ಲ.

ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸ್ಮಿತಾ ಸೀರಿಯಲ್ ತಿಂದು ಮಲಗಿದಳು. ಬೆಳಿಗ್ಗೆ ಗುರುಸಿದ್ದಮ್ಮ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮೊಮ್ಮಗಳನ್ನು ಕರೆದು, "ನಿನ್ನಪ್ಪನ ನಂಬರ್ ಒತ್ತು" ಎಂದರು. ಸ್ಮಿತಾ ಒತ್ತಿದಳು. ಅವನು ಮನೆ ಬಿಟ್ಟ ಮೇಲೆ ಮೊದಲ ಸಲ ಮಗನೊಂದಿಗೆ ಗುರುಸಿದ್ದಮ್ಮ ಆಡಿದ್ದು ಒಂದೇ ಮಾತು: "ಇವತ್ತ ಬಾ. ಒಬ್ಬನ ಬಾ."

ವಿಜಯ್ ಮಧ್ಯಾಹ್ನ ಬಂದ. ತನ್ನದೇ ಆಗಿದ್ದ ಸೋಫಾದ ತುದಿಯಲ್ಲಿ ಅತಿಥಿಯ ಹಾಗೆ ಕುಳಿತ. ಗಡ್ಡ ಬೆಳೆದಿತ್ತು. ನಂದಾ ಅವನೆದುರು ನಿಂತು, ಏನೇನಾಯಿತೋ ಎಲ್ಲ ಹೇಳಿದಳು. ಹೀಟರಿನಿಂದ ಹಿಡಿದು ರಾಜಿಯ ಚೆಕ್ಕಿನವರೆಗೆ. ಮಗಳೂ ಅತ್ತೆಯೂ ಕೇಳುತ್ತಿರುವಾಗ, ಬಿಟ್ಟುಹೋದ ಗಂಡನಿಗೆ ತನ್ನ ಕಳ್ಳತನ ಹೇಳುವುದಕ್ಕಿಂತ ದೊಡ್ಡ ನಾಚಿಕೆ ಇರಲಾರದು ಎಂದು ಅವಳಿಗನ್ನಿಸಿತು.

ವಿಜಯ್ ಕೈ ಉಜ್ಜಿಕೊಂಡ. "ನನ್ನ ಕೆಲಸ ಹೋಗೇತಿ. ಕಂಪನಿ ಮುಚ್ಚಿದ್ರು. ಅದಕ್ಕ ಜೂನಿಂದ ಕಳಿಸಿಲ್ಲ. ಶೇರು ಎಲ್ಲಾ ಕಾಗದ ಆಗ್ಯಾವ."

"ಫೋನ್ ಎತ್ತಿ ಒಂದು ಮಾತು ಹೇಳಾಕ ಬರ್ತಿದ್ದಿಲ್ಲೇನು ನಿಮಗ?" ನಂದಾ ಕೇಳಿದಳು.

"ಏನಂತ ಹೇಳ್ಲಿ? ನಾಚಿಕಿ ಬಂತು."

ಗುರುಸಿದ್ದಮ್ಮ ಮಗನನ್ನೂ ಸೊಸೆಯನ್ನೂ ಒಟ್ಟಿಗೆ ನೋಡಿ, "ಇಬ್ಬರೂ ನಾಚಿಗೊಂಡ್ ಕುಂತೀರಿ. ನೋಟೀಸ್ ಆ ಹುಡುಗಿ ಬಾಗಲಕ್ಕ ಬಿತ್ತು" ಎಂದರು.

ವಿಜಯ್ ಹೇಳಿದ: "ಕಂಪನಿ ಬಿಡಿಸುವಾಗ ಒಂದಿಷ್ಟು ಕೊಟ್ಟಾರ. ಅದರಾಗ ಜೂನಿಂದು, ಮುಂದಿನ ಎರಡು ತಿಂಗಳಿಂದು ಈಗ ಕೊಟ್ಟುಬಿಡ್ತೀನಿ. ರಾಜಿದು ಚುಕ್ತಾ ಆಗ್ತೈತಿ. ಆದ್ರ ಅಲ್ಲಿತನಕ ಮತ್ತ ಕೇಳಬ್ಯಾಡ." ಆಮೇಲೆ ತಾಯಿಯ ಕಡೆ ತಿರುಗಿದ. "ಅವ್ವಾ, ನೀ ನನ್ನ ಜೋಡಿ ಬಾ. ನಂದಾಗ ಒಂದ್ ಖರ್ಚು ಕಡಿಮಿ ಆಗ್ತೈತಿ."

ಗುರುಸಿದ್ದಮ್ಮನ ಮುಖ ಕಂದಿತು. ಉತ್ತರ ಕೊಡುವ ಮೊದಲೇ ನಂದಾ ಹೇಳಿದಳು: "ಅವರು ಖರ್ಚಲ್ಲ. ಅವರು ಇಲ್ಲೇ ಇರ್ತಾರ. ಅವರ ಮಾತ್ರಿ ನಾ ತರ್ತೀನಿ." ಹೇಳಿದ ಮೇಲೆ, ಇಷ್ಟು ದಿನ ಆ ಮಾತ್ರೆಗಳು ಅರ್ಧವಾದದ್ದನ್ನು ತಾನು ನೋಡಿಯೇ ಇರಲಿಲ್ಲವೆಂಬುದು ನೆನಪಾಗಿ ತಲೆ ತಗ್ಗಿಸಿದಳು.

ವಿಜಯ್ ಜೇಬಿನಿಂದ ಚೆಕ್‌ಬುಕ್ ತೆಗೆದ. ನಂದಾ ಕೈ ಅಡ್ಡ ಮಾಡಿದಳು.

"ತಡೀರಿ. ಅದು ಸ್ಮಿತಾನ ರೊಕ್ಕ." ಮಗಳ ಕಡೆ ತಿರುಗಿದಳು. "ನಿನ್ನ ಖರ್ಚಿಂದು ಅದು. ನಾ ಮಾಡಿದ ತಪ್ಪಿಗೆ ಅದನ್ನ ತಗೊಳ್ಳಾಕ ನಿನ್ನ ಕೇಳಬೇಕು. ಕೊಡ್ತಿಯೇನು?"

ಸ್ಮಿತಾ ಮುಂದೆ ಬಂದಳು. ಅಪ್ಪನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಫೈನ್. ತಗೋ" ಎಂದಳು. "ಆದ್ರೆ ಮನೆ ಮಾರು, ಮಮ್ಮಿ. ಪ್ಲೀಸ್. ನನಗೆ ಈ ಮನೆ ಬೇಡ. ಇಲ್ಲಿ ಎಲ್ಲ ಟೈಮೂ ನಾವು ಆ್ಯಕ್ಟ್ ಮಾಡ್ತಾ ಇರ್ತೀವಿ."

ನಂದಾ ಹೂಂ ಎಂದಳು. ವಿಜಯ್ ಚೆಕ್ ಬರೆದು ಮೇಜಿನ ಮೇಲಿಟ್ಟ. ಹೋಗುವಾಗ ಬಾಗಿಲ ಬಳಿ ತನ್ನ ಬೂಟುಗಳನ್ನು ಕಂಡು ನಿಂತ. "ಇವು ಇನ್ನೂ ಇಲ್ಲೇ ಅದಾವ?" ಎಂದ. ಎತ್ತಿಕೊಂಡು ಹೋದ.

ಸೋಮವಾರ ಅವನ ಬ್ಯಾಂಕಿಗೇ ಹೋಗಿ ನಂದಾ ಆ ಚೆಕ್ಕನ್ನು ನಗದು ಮಾಡಿಸಿದಳು. ಅಲ್ಲಿಂದ ಹೋದಾಗ ರಾಜಿಯ ಬಾಗಿಲ ಮೇಲೆ ನೋಟೀಸಿನ ಅಂಟಿನ ಗುರುತು ಇನ್ನೂ ಇತ್ತು. ಬಾಗಿಲು ತೆರೆದವನು ರಾಜಿಯ ಗಂಡ ಅಶ್ವತ್ಥನಾರಾಯಣ. ತೆಳ್ಳಗಿನ, ಸಾಧು ಸ್ವಭಾವದ ಮನುಷ್ಯ. ಅವಳನ್ನು ಕಂಡೊಡನೆ ತಾನೇ ಏನೋ ತಪ್ಪು ಮಾಡಿದವನ ಹಾಗೆ, "ಬನ್ನಿ, ಬನ್ನಿ, ರಾಜಿ ಇದಾಳೆ" ಎಂದು ಹೇಳಿ ತಕ್ಷಣ ಒಳಕೋಣೆಗೆ ಹೋಗಿಬಿಟ್ಟ.

ರಾಜಿ ಕೈ ಒರೆಸಿಕೊಳ್ಳುತ್ತ ಬಂದಳು. ಕೂರಿ ಎನ್ನಲಿಲ್ಲ. ನಂದಾ ಹಣದ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

"ಬ್ಯಾಂಕಿನ ತಪ್ಪಲ್ಲ ರಾಜಿ. ಚೀಟಿ ರೊಕ್ಕ ನಾನು ಖರ್ಚ್ ಮಾಡಿದ್ದೆ. ಮಾರ್ಚಿನಿಂದ ಹಂಗ ಮಾಡಾಕತ್ತಿದ್ದೆ. ನೀ ಶನಿವಾರ ಬಂದಾಗ ನಾ ಮನ್ಯಾಗ ಇದ್ದೆ. ಮ್ಯಾಲ ಕುಂತು ಕೇಳಿದೆ. ಬ್ಯಾಂಕಿನವರು ನಿಮಗ ಹಾಕಿದ ದಂಡ, ಬಾಡಿಗಿ ತಡಾ ಆಗಿದ್ದಕ್ಕ ಹಾಕಿದ್ದು, ಎಲ್ಲಾ ಸೇರಿಸಿ ಇಟ್ಟೀನಿ."

"ನೀವು ಮನೇಲೇ ಇದ್ದದ್ದು ನಂಗೆ ಗೊತ್ತಾಯ್ತು" ಎಂದಳು ರಾಜಿ. "ಮೇಲೆ ಕಿಟಕೀಲಿ ಪರದೆ ಅಲ್ಲಾಡ್ತು."

ನಂದಾ ಲಕೋಟೆಯನ್ನು ಅವಳ ಕಡೆ ಇನ್ನಷ್ಟು ಸರಿಸಿದಳು.

"ವಿಜಯ್ ಅವರ ವಿಷ್ಯ ನಮಗೆಲ್ಲ ಗೊತ್ತಿತ್ತು. ನೀವಾಗಿ ಹೇಳೋವರೆಗೂ ಕೇಳ್ಬಾರ್ದು ಅಂತ ಮಾತಾಡ್ಕೊಂಡಿದ್ವಿ. ಮೇ ತಿಂಗಳಲ್ಲಿ ನೀವು ಅಡುಗೆಮನೇಲಿ ಒಂದು ಮಾತು ಹೇಳಿದ್ರೆ ನನ್ನ ಸರದೀನೇ ಬಿಟ್ಕೊಡ್ತಿದ್ದೆ. ಹೇಗೋ ಬೇರೆ ದಾರಿ ನೋಡ್ಕೋತಿದ್ವಿ. ನಾನು ನಮ್ಮ ಕಷ್ಟ ಹೇಳ್ಕೊಂಡೆ, ನೀವು ಕೇಳಿಸ್ಕೊಂಡು ನಲ್ಲಿ ತಿರುಗಿಸಿದ್ರಿ." ಅವಳು ದನಿ ಏರಿಸಲಿಲ್ಲ. "ನಾನು ಯಾರಿಗೂ ಹೇಳಲ್ಲ. ಆದ್ರೆ ಚೀಟಿ ಇನ್ನು ನಿಮ್ಮ ಹತ್ರ ಇರೋದು ಬೇಡ ನಂದಾ ಅವರೇ."

ನಂದಕ್ಕ ಅಲ್ಲ, ನಂದಾ ಅವರು. ಕಾರಿಗೆ ವಾಪಸ್ಸಾಗಿ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ನಂದಾ ಅತ್ತಳು. ಯಾರಿಗೂ ಹೇಳುವುದಿಲ್ಲವೆಂದು ರಾಜಿ ಅಂದದ್ದು ಅವಳಿಗೆ ಹಗುರ ಅನ್ನಿಸಲಿಲ್ಲ.

ಆ ವಾರ ಅವಳು ಆಫೀಸಿನ ಮುಖ್ಯಸ್ಥೆ ಮಾರ್ಗರೆಟ್ಟಳ ಬಳಿ ಹೋಗಿ, ಐದು ದಿನದ ಕೆಲಸ ಕೇಳಿದಳು. ಕಾರಣ ಕೇಳಿದಾಗ, ಮೊದಲ ಸಲ ಹೊರಗಿನವರೊಬ್ಬರಿಗೆ, ನನಗೆ ಡಿವೋರ್ಸ್ ಆಗಿದೆ ಎಂದಳು. ಮಾರ್ಗರೆಟ್ ಸೆಪ್ಟೆಂಬರಿನಿಂದ ಕೊಡುತ್ತೇನೆ ಎಂದಳು. ಮನೆಗೆ ಬಂದು ವಿಜಯ್‌ನ ಮೇಜಿನ ಮೇಲೆ ರಾಶಿಬಿದ್ದಿದ್ದ ಕಾಗದಗಳನ್ನು ಸ್ಮಿತಾಳ ಜೊತೆ ಕುಳಿತು ಒಂದೊಂದಾಗಿ ಒಡೆದಳು. ಕೆಲವನ್ನು ಅರ್ಧ ಓದಿ ಕೆಳಗಿಡುತ್ತಿದ್ದಳು. "ಜಸ್ಟ್ ರೀಡ್ ದ ನೆಕ್ಸ್ಟ್ ಒನ್, ಮಮ್ಮಿ" ಎನ್ನುತ್ತಿದ್ದಳು ಮಗಳು. ಕೇಬಲ್ ಟಿವಿ ತೆಗೆಸಿದರು. ಗುರುಸಿದ್ದಮ್ಮನ ಮಾತ್ರೆಗಳನ್ನು ನಂದಾ ಪ್ರತಿ ರಾತ್ರಿ ಊಟದ ಮುಂದೆ ತಾನೇ ತಂದು, ಅವರು ಇಡಿಯಾಗಿ ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದಳು.

"ನಾ ಏನ್ ಕೂಸೇನು?" ಎಂದು ಗುರುಸಿದ್ದಮ್ಮ ರೇಗುತ್ತಿದ್ದರು.

"ನುಂಗ್ರಿ."

ಜುಲೈ ಕಡೆಯ ಭಾನುವಾರ ಹೆಂಗಸರು ಬಂದಾಗ ಮನೆಯ ಮುಂದಿನ ಹುಲ್ಲಿನಲ್ಲಿ ಮಾರಾಟದ ಬೋರ್ಡು ನಿಂತಿತ್ತು. ಒಳಗೆ ಅವಲಕ್ಕಿ, ಚಹಾ, ಅಷ್ಟೇ. ನಂದಾ ಆ ತಿಂಗಳ ಹಣವನ್ನು ಎಲ್ಲರೆದುರು ಎಣಿಸಿ ಸರದಿಯವಳಿಗೆ ಕೊಟ್ಟಳು. ಆಮೇಲೆ ನಿಂತುಕೊಂಡೇ, ವಿಜಯ್ ಕ್ಯಾಲಿಫೋರ್ನಿಯಾಕ್ಕೆ ಹೋಗಿಲ್ಲ ಎಂದು ಶುರುಮಾಡಿ, ಚೀಟಿಯ ಹಣದ ವಿಷಯವನ್ನೂ ಹೇಳಿದಳು. ಯಾರ ಹಣ ಎಂಬುದನ್ನೂ ಬಿಡಲಿಲ್ಲ. ರಾಜಿ ತಲೆಯೆತ್ತಿ ಒಂದು ಸಲ ನೋಡಿದಳು.

ಚಮಚಗಳ ಸದ್ದು ನಿಂತಿತು. ಒಬ್ಬಳು, "ಮನುಷ್ಯರಿಗೆ ಕಷ್ಟ ಬರತ್ತೆ ಬಿಡಿ" ಎಂದಳು. ಇನ್ನೊಬ್ಬಳು ಕೈಚೀಲ ತೆಗೆದುಕೊಂಡು, ಮಗನಿಗೆ ಈಜಿನ ಕ್ಲಾಸಿದೆ ಎಂದು ಎದ್ದಳು. ಅವಳ ಹಿಂದೆ ಇಬ್ಬರು ಹೊರಟರು. ಉಳಿದವರು ಚಹಾ ಮುಗಿಸಿದರು. ಚೀಟಿ ರಾಜಿಯ ಕೈಗೆ ಹೋಯಿತು. ಆಗಸ್ಟಿನಿಂದ ತನಗೆ ಚೀಟಿ ಕಟ್ಟಲು ಆಗುವುದಿಲ್ಲವೆಂಬುದನ್ನೂ ನಂದಾ ಹೇಳಿದಳು. ತನ್ನ ಸರದಿಯನ್ನು ಅವಳು ಹೋದ ವರ್ಷವೇ ತೆಗೆದುಕೊಂಡಾಗಿತ್ತು. "ಬಾಕಿ ಕಂತುಗಳನ್ನ ಮನಿ ಮಾರಿದ ದಿನ ಒಟ್ಟಿಗೆ ಕೊಡ್ತೀನಿ" ಎಂದಾಗ, ಯಾರೂ ಆಯಿತೆನ್ನಲಿಲ್ಲ, ಬೇಡವೆನ್ನಲಿಲ್ಲ.

ಎಲ್ಲರೂ ಹೋದ ಮೇಲೆ ಗುರುಸಿದ್ದಮ್ಮ ಉಳಿದ ಅವಲಕ್ಕಿಯನ್ನು ಮೂರು ತಟ್ಟೆಗೆ ಹಾಕಿದರು. "ಭಾಳ ಉಳದೈತಿ. ರಾತ್ರಿ ಅಡಗಿ ಬ್ಯಾಡ" ಎಂದರು.

ಮನೆ ಸೆಪ್ಟೆಂಬರಿನಲ್ಲಿ ಮಾರಾಟವಾಯಿತು. ಬ್ಯಾಂಕಿನ ಸಾಲ, ಕಾರ್ಡುಗಳು, ಚೀಟಿಯ ಬಾಕಿ ಎಲ್ಲ ತೀರಿಸಿದ ಮೇಲೆ ಉಳಿದದ್ದು ಹೆಚ್ಚಿರಲಿಲ್ಲ. ಅದನ್ನು ಸ್ಮಿತಾಳ ಕಾಲೇಜಿಗೆಂದು ಬೇರೆ ಇಟ್ಟರು. ಸ್ಮಿತಾಳ ಶಾಲೆ ಬದಲಾಗಬಾರದು, ನಂದಾಳ ಆಫೀಸು ದೂರವಾಗಬಾರದು, ಬಾಡಿಗೆ ಕೈಗೆಟುಕಬೇಕು. ಹಾಗೆ ನೋಡಿದರೆ ಸಿಕ್ಕದ್ದು ಒಂದೇ ಜಾಗ, ಅವರು ಮೊದಲು ಇದ್ದ ಅಪಾರ್ಟ್‌ಮೆಂಟು. ರಾಜಿ ಇರುವ ಅಪಾರ್ಟ್‌ಮೆಂಟು.

"ಬ್ಯಾರೆ ಕಡೆ ಎಲ್ಲೂ ಇಲ್ಲೇನು?" ಎಂದು ನಂದಾ ಎರಡು ವಾರ ಹುಡುಕಿದಳು. ದೂರದ ಹ್ಯಾರಿಸನ್‌ವರೆಗೂ ಹೋಗಿ ನೋಡಿ ಬಂದಳು. ಕೊನೆಗೆ ಗುರುಸಿದ್ದಮ್ಮ, "ಆಕಿ ಮುಖಾ ನೋಡಾಕ ಆಗಂಗಿಲ್ಲಂತ ಹುಡುಗಿ ಸಾಲಿ ಬಿಡಸ್ತಿಯೇನು?" ಎಂದು ಕೇಳಿದ ಮೇಲೆ ಸಹಿ ಹಾಕಿದಳು.

ಎರಡು ಕೋಣೆಯ ಮನೆ. ಅಜ್ಜಿ ಮೊಮ್ಮಗಳು ಒಂದರಲ್ಲಿ, ನಂದಾ ಇನ್ನೊಂದರಲ್ಲಿ. ರಾಜಿಯನ್ನು ದೂರದಿಂದ ಕಂಡರೆ ನಂದಾ ಬೇರೆ ದಾರಿಯಲ್ಲಿ ಹೋಗುತ್ತಿದ್ದಳು. ಅಶ್ವತ್ಥನಾರಾಯಣನಿಗೆ ಪ್ರಿನ್ಸ್‌ಟನ್ ಕಡೆ ಕೆಲಸ ಸಿಕ್ಕಿದೆಯೆಂದು ಸ್ಮಿತಾ ಎಲ್ಲಿಂದಲೋ ಸುದ್ದಿ ತಂದಳು. ಅಂದು ನಂದಾ ಎರಡು ಸಲ ಕೇಳಿದಳು, "ಖರೇನ? ಪಕ್ಕಾ ಆಗೇತೇನು?"

ನವೆಂಬರಿನ ಒಂದು ಭಾನುವಾರ ಅವಳು ಬಟ್ಟೆಯ ಬುಟ್ಟಿ ಹೊತ್ತುಕೊಂಡು ನೆಲಮಾಳಿಗೆಯ ಲಾಂಡ್ರಿ ಕೋಣೆಗೆ ಇಳಿದಳು. ಒಗೆಯುವುದಾಯಿತು. ಕಾಸು ಹಾಕಿದಷ್ಟು ಹೊತ್ತು ಬಟ್ಟೆ ಒಣಗಿಸುವ ಡ್ರೈಯರುಗಳೆಲ್ಲ ತಿರುಗುತ್ತಿದ್ದವು. ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಕಾಯುತ್ತಿರುವಾಗ ರಾಜಿ ಒಳಗೆ ಬಂದಳು. ಇನ್ನೊಂದು ಬಾಗಿಲಿರಲಿಲ್ಲ. ನಂದಾ ಗೋಡೆಯ ಕಡೆ ತಿರುಗಿ, ಅಲ್ಲಿ ಅಂಟಿಸಿದ್ದ ನಿಯಮಗಳನ್ನು ಓದುವವಳಂತೆ ನಿಂತಳು.

ರಾಜಿ ತನ್ನ ಡ್ರೈಯರ್ ನಿಲ್ಲಿಸಿ ಬಟ್ಟೆಗಳನ್ನು ಮುಟ್ಟಿ ನೋಡಿದಳು. ಒಂದೊಂದಾಗಿ ಹೊರತೆಗೆದು ಚೀಲಕ್ಕೆ ತುಂಬಿಕೊಂಡಳು. ಹೊರಟವಳು ಬಾಗಿಲ ಬಳಿ ನಿಂತಳು.

"ಅದ್ರಲ್ಲಿ ಇನ್ನೂ ಟೈಮ್ ಉಳಿದಿದೆ" ಎಂದಳು. "ಸುಮ್ನೆ ವೇಸ್ಟಾಗತ್ತೆ. ನಿಮ್ಮದು ಹಾಕ್ಕೊಳಿ."

ನಂದಾ ತಿರುಗಿ ನೋಡುವಷ್ಟರಲ್ಲಿ ರಾಜಿ ಮೆಟ್ಟಿಲು ಹತ್ತಿಯಾಗಿತ್ತು.

ಮನೆಗೆ ಬಂದಾಗ ಗುರುಸಿದ್ದಮ್ಮ ಬುಟ್ಟಿಗೆ ಕೈಹಾಕಿ, "ಇಷ್ಟ್ ಲಗೂ ಒಣಗಿದ್ವೇನು?" ಎಂದರು.

"ರಾಜಿ ತನ್ನ ಡ್ರೈಯರ್ ಬಿಟ್ಟುಕೊಟ್ಲರಿ."

ಜುಲೈಯಿಂದ ಮನೆಯಲ್ಲಿ ನಂದಾ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಗುರುಸಿದ್ದಮ್ಮ ಅವಳ ಮುಖ ನೋಡಿದರು.

"ಏನಂದ್ಲು?"

"ಹಾಕ್ಕೊಳಿ ಅಂದ್ಲು."

"ಅಷ್ಟ?"

"ಅಷ್ಟರಿ."

ಗುರುಸಿದ್ದಮ್ಮ ಇನ್ನೂ ಬಿಸಿಯಿದ್ದ ಸೀರೆಯೊಂದನ್ನು ಎಳೆದು, ಒಂದು ತುದಿಯನ್ನು ಸೊಸೆಯ ಕಡೆ ಚಾಚಿದರು.

"ಇವತ್ತಿಗೆ ಸಾಕು. ಹಿಡಿ, ಮಡಚೂಣು."